ಹತ್ತು ನಿಮಿಷ ಮುಟ್ಟದಿದ್ದರೆ

೨೭ ಜನವರಿ ೨೦೦೯, ಮಂಗಳವಾರ

ಇವತ್ತೂ ಮೂರನೇ ನಂಬರ್ ಕಂಪ್ಯೂಟರ್ ನಿಂತುಹೋಯಿತು. ಕಾಲೇಜಿನ ಹುಡುಗಿಯೊಬ್ಬಳು ಅರ್ಜಿ ತುಂಬುತ್ತಿದ್ದವಳು "ಅಕ್ಕಾ, ಹ್ಯಾಂಗ್ ಆಯ್ತು" ಎಂದು ಕೂಗಿದಳು. ಈ ಹೆಬ್ಬಗೋಡಿಯಲ್ಲಿ ನನ್ನ ಹೆಸರು ಸುಮಂಗಲಾ ಎಂದು ಎಷ್ಟು ಜನಕ್ಕೆ ಗೊತ್ತೋ ಕಾಣೆ. ಬೆಳಗಿನಿಂದ ಸಂಜೆಯವರೆಗೆ ನಾನು "ಅಕ್ಕಾ ಹ್ಯಾಂಗ್ ಆಯ್ತು".

ನನ್ನ ಬ್ರೌಸಿಂಗ್ ಅಂಗಡಿಯಲ್ಲಿರುವುದು ಐದು ಕಂಪ್ಯೂಟರ್. ಯಾವುದೋ ಕಂಪನಿಯವರು ಹಳೇದಾಯಿತೆಂದು ಹರಾಜು ಹಾಕಿದಾಗ ನನ್ನ ಗಂಡ ಈರಣ್ಣ ಆಟೋದಲ್ಲಿ ಹೇರಿಕೊಂಡು ತಂದಿದ್ದ. ಒಂದೊಂದರ ಮೆಮೊರಿಯೂ ಇರುವೆಯ ಹೊಟ್ಟೆಯಷ್ಟು. ಬಂದವರು ಪರದೆಯ ಮೇಲೆ ಹತ್ತು ಕಿಟಕಿ ತೆರೆಯುತ್ತಾರೆ, ಒಂದನ್ನೂ ಮುಚ್ಚುವುದಿಲ್ಲ. ಆಮೇಲೆ ಮೆಷಿನ್ ಸರಿಯಿಲ್ಲ ಎನ್ನುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮೆಷಿನ್ ತಂದಿಟ್ಟ ಮಹಾರಾಯ ಕಳೆದ ದೀಪಾವಳಿಗೆ ಹೊಸೂರಿಗೆ ಹೋದವನು ಹಿಂದಿರುಗಲಿಲ್ಲ. ಅಲ್ಲೊಬ್ಬಳಿದ್ದಾಳೆ. ಹೊಸೂರಿಗೆ ಇಲ್ಲಿಂದ ಬಸ್ಸಲ್ಲಿ ಮುಕ್ಕಾಲು ಗಂಟೆಯೂ ಆಗುವುದಿಲ್ಲ. ಸಮುದ್ರ ದಾಟಿ ಹೋದವನ ಹಾಗೆ ಕಾಣೆಯಾದ.

೩೧ ಜನವರಿ, ಶನಿವಾರ

ಬೊಮ್ಮಸಂದ್ರದ ಮೆಕ್ಯಾನಿಕ್ ಶಿವಶಂಕರ್ ಬಂದು ಹೊಸ ಸಾಫ್ಟ್‌ವೇರ್ ಹಾಕಿಕೊಟ್ಟ. ಐದೂ ಕಂಪ್ಯೂಟರಿನೊಳಗೆ ಯಾವ ಪ್ರೋಗ್ರಾಂ ಎಷ್ಟು ಮೆಮೊರಿ ತಿನ್ನುತ್ತಿದೆ, ಯಾವುದು ಪ್ರೊಸೆಸರಿನ ಕತ್ತು ಹಿಸುಕುತ್ತಿದೆ ಎಂದು ನನ್ನ ಮೇಜಿನಿಂದಲೇ ಕಾಣುತ್ತದೆ. ಜಾಸ್ತಿ ಉಸಿರೆಳೆಯುವುದನ್ನು ತಗ್ಗಿಸಬಹುದು, ಬೇಡದ್ದನ್ನು ಒಂದೇ ಏಟಿಗೆ ಮುಗಿಸಬಹುದು.

"ಇನ್ನೊಂದು ಸಕ್ಕತ್ತಾಗಿರೋದ್ ಐತೆ ಅಕ್ಕಾ. ಕಿಟಕಿ ತೆಗೆದಿಟ್ಟು ಎದ್ದೋಗ್ತಾರಲ್ಲ, ಅದನ್ನ ತಾನೇ ಮುಚ್ಚತ್ತೆ. ಅರ್ಧ ಗಂಟೆ ಇಟ್ಟಿದೀನಿ" ಎಂದ.

ಅವನು ಹೋದ ಮೇಲೆ ಅರ್ಧ ಗಂಟೆಯನ್ನು ಹತ್ತು ನಿಮಿಷಕ್ಕೆ ಇಳಿಸಿದೆ. ಮುಚ್ಚುವ ಮೊದಲು ಅದು "ಮುಚ್ಚಲೇ?" ಎಂದು ಕೇಳುತ್ತಿತ್ತು. ಅದನ್ನೂ ತೆಗೆದುಹಾಕಿದೆ. ಕೇಳುವುದೇನು? ಎದ್ದು ಹೋದವರನ್ನು ಯಾರೂ ಕೇಳುತ್ತಾ ಕೂರುವುದಿಲ್ಲ.

ಇದಕ್ಕೆ ಮೇಸ್ತ್ರಿ ಎಂದು ಹೆಸರಿಟ್ಟಿದ್ದೇನೆ. ಕಟ್ಟಡದ ಕೆಲಸದಲ್ಲಿ ಬೀಡಿ ಸೇದುತ್ತಾ ಕೂತವರನ್ನು ಎಬ್ಬಿಸುವ ಮೇಸ್ತ್ರಿಯ ಹಾಗೆಯೇ ಇದು.

೩ ಫೆಬ್ರವರಿ, ಮಂಗಳವಾರ

ಮೇಸ್ತ್ರಿ ಬಂದಾಗಿನಿಂದ ಅಂಗಡಿಯಲ್ಲಿ ಶಿಸ್ತು ಬಂದಿದೆ. ಒಬ್ಬ ಅರ್ಧ ಬಯೋಡಾಟಾ ಟೈಪ್ ಮಾಡಿ ಟೀ ಕುಡಿಯಲು ಹೋದ. ಬರುವಷ್ಟರಲ್ಲಿ ಕಿಟಕಿ ಮಾಯ. ಬಾಯಿ ಮಾಡಿದ. "ಟೀ ಮೊದಲು ಕುಡಿದು ಬರಬೇಕಿತ್ತಪ್ಪ" ಎಂದೆ. ಒಳಗೊಳಗೇ ಖುಷಿಯಾಯಿತು. ನಾನೇನು ಒಳ್ಳೆಯವಳೆಂದು ಯಾರಿಗೂ ಬರೆದುಕೊಟ್ಟಿಲ್ಲ.

ಮನೆಗೆ ಬಂದು ಅನ್ನಕ್ಕಿಟ್ಟೆ. ಒಬ್ಬಳಿಗೆ ಅಡುಗೆ ಮಾಡುವುದು ಇನ್ನೂ ಕೈಗೆ ಬಂದಿಲ್ಲ. ಇಬ್ಬರಿಗಾಗುವಷ್ಟು ಆಗುತ್ತದೆ, ಮಾರನೆಯ ದಿನ ತಂಗಳು ತಿನ್ನುತ್ತೇನೆ. ಕೆಳಗಿನ ಮನೆಯ ವಸಂತಮ್ಮ ಮೆಟ್ಟಿಲ ಹತ್ತಿರ ನಿಂತು "ಈರಣ್ಣ ಪೋನ್ ಗೀನ್ ಮಾಡಿದ್ನೇನಮ್ಮ?" ಎಂದು ಕೇಳಿದರು. ಅಂಗಡಿ, ಮನೆ ಎರಡೂ ಅವರದ್ದೇ. ಹಾಗಾಗಿ ಕೇಳುವ ಹಕ್ಕೂ ತಮ್ಮದೇ ಎಂದುಕೊಂಡಿದ್ದಾರೆ. "ಇಲ್ಲ" ಎಂದು ಬಾಗಿಲು ಹಾಕಿಕೊಂಡೆ.

೮ ಫೆಬ್ರವರಿ, ಭಾನುವಾರ

ಇವತ್ತು ಒಬ್ಬ ಹೆಂಗಸು ಬಂದಳು. ಐವತ್ತು ದಾಟಿದೆ. ಚಪ್ಪಲಿಯನ್ನು ಹೊರಗೆ ಬಿಟ್ಟು, ಗುಡಿಯೊಳಗೆ ಬರುವವಳ ಹಾಗೆ ಬಗ್ಗಿ ಬಂದು, ಮೊಬೈಲ್ ಮುಂದೆ ಹಿಡಿದಳು. ಅದರಲ್ಲೊಂದು ಮೆಸೇಜು.

"ಇದರಾಗ ನನ್ನ ಮಗಳು ಅದಾಳಂತ. ತೋರಸ್ತೀಯೇನವಾ?"

ನಮ್ಮ ಕಡೆಯ ಮಾತು ಕೇಳಿ ಎದ್ದು ನಿಂತೆ. ಇವಳು ಮುದುಕವ್ವ, ಕುಷ್ಟಗಿ ಕಡೆಯವಳು. ನಾನು ರೋಣದವಳು, ನಡುವೆ ಹೆಚ್ಚು ದೂರವಿಲ್ಲ. ಇಲ್ಲಿ ಹಾಸ್ಟೆಲುಗಳಿಗೆ ಜೋಳದ ರೊಟ್ಟಿ ಬಡಿದುಕೊಡುತ್ತಾಳೆ. ಮಗಳು ಸವಿತಾ ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿ ಹೊಲಿಗೆಗೆ ಇದ್ದಾಳೆ, ಅಲ್ಲಿನ ಹಾಸ್ಟೆಲಿನಲ್ಲೇ ವಾಸ. ಮೆಸೇಜು ಕಳಿಸಿದ್ದು ಆ ಹಾಸ್ಟೆಲಿನ ವಾರ್ಡನ್. ಭಾನುವಾರ ಹನ್ನೊಂದಕ್ಕೆ ಸವಿತಾ ಅಲ್ಲಿನ ಬ್ರೌಸಿಂಗ್ ಸೆಂಟರಿಗೆ ಬರುತ್ತಾಳೆ, ವಿಡಿಯೋದಲ್ಲಿ ನೋಡಬಹುದು ಎಂದಿತ್ತು.

"ಫೋನ್ ಇಟ್ಕೊಂಡು ಇಷ್ಟೆಲ್ಲ ಯಾಕ್ರಿ ಅಮ್ಮಾರ? ಫೋನ್ ಮಾಡ್ರಿ" ಎಂದೆ.

"ಅಕಿಗೆ ಹುಟ್ಟಿದಾಗಿಂದ ಕಿವಿ ಕೇಳಂಗಿಲ್ಲ, ಬಾಯಿ ಬರಂಗಿಲ್ಲ. ಫೋನಿನ್ಯಾಗ ಏನ್ ಮಾತಾಡಲಿ ತಂಗಿ?"

ಕ್ಯಾಮೆರಾ ಇರುವುದು ನಾಲ್ಕನೇ ನಂಬರಿಗೆ ಮಾತ್ರ. ಅಲ್ಲಿ ಕೂರಿಸಿದೆ. ಹುಡುಗಿಯ ಮುಖ ಬಂತು, ತುಂಡುತುಂಡಾಗಿ. ಆಮೇಲೆ ಇಬ್ಬರ ಕೈಗಳೂ ಎದ್ದವು. ಅಂಗೈಗೆ ಅಂಗೈ ಬಡಿದರೆ ರೊಟ್ಟಿ, ತುದಿಬೆರಳು ಬಾಯಿಗೆ ಒಯ್ದರೆ ಉಂಡೆಯಾ, ಹೊಟ್ಟೆ ಸವರಿದರೆ ಹೊಟ್ಟೆ ತುಂಬ ಉಣ್ಣು. ಕೆಲವು ನನಗೂ ತಿಳಿದವು. ಚಿತ್ರ ನಿಂತರೆ ಸರಿಮಾಡಬೇಕೆಂದು ಪಕ್ಕದಲ್ಲೇ ಕೂತು ಮೌಸ್ ಆಡಿಸುತ್ತಾ ಇದ್ದೆ. ಒಂದು ಗಂಟೆ ಹೇಗೆ ಹೋಯಿತೋ ತಿಳಿಯಲಿಲ್ಲ.

೧೫ ಫೆಬ್ರವರಿ, ಭಾನುವಾರ

ಮುದುಕವ್ವ ಬರುವಾಗ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಳು. "ಬ್ಯಾಡ" ಎಂದೆ. ಮೇಜಿನ ಮೇಲಿಟ್ಟು ತಾನು ಕೇಳಿಸಿಕೊಂಡೇ ಇಲ್ಲವೆಂಬಂತೆ ನಾಲ್ಕನೇ ನಂಬರಿಗೆ ಹೋದಳು. ಮಗಳಿಗೆ ಕಿವುಡು, ತಾಯಿಗೆ ಬೇಕಾದಾಗ ಕಿವುಡು.

ಕಿವಿ ಕೇಳದವರಲ್ಲಿ ಹೆಸರು ಬಾಯಿಂದ ಹೇಳುವುದಿಲ್ಲ. ಮನುಷ್ಯರಲ್ಲಿ ಕಾಣುವ ಒಂದು ಗುರುತು ಹಿಡಿದು ಕೈಯಲ್ಲಿ ಹೆಸರಿಡುತ್ತಾರೆ. ತೀರಿಕೊಂಡ ಅಪ್ಪನಿಗೆ ಮೀಸೆ ತಿರುವುವುದು, ವಾರ್ಡನ್ನಿಗೆ ದೊಡ್ಡ ಕುಂಕುಮ. ಇವತ್ತು ಸವಿತಾ ನನ್ನನ್ನು ತುಂಬ ಹೊತ್ತು ನೋಡಿ, ಮೂಗಿನ ಮೇಲೆ ಕನ್ನಡಕ ಮೇಲಕ್ಕೆ ತಳ್ಳುವ ಹಾಗೆ ಬೆರಳು ಮಾಡಿದಳು. ನಾನು ಹಾಗೆ ಮಾಡುತ್ತಿರುತ್ತೇನೆಂದು ನನಗೇ ಗೊತ್ತಿರಲಿಲ್ಲ.

"ನಿನಗ ಹೆಸರಿಟ್ಲು ನೋಡು" ಎಂದಳು ಮುದುಕವ್ವ.

ರೊಟ್ಟಿ ಚೆನ್ನಾಗಿತ್ತು. ಎರಡು ಹೊತ್ತಿಗೆ ಆಯಿತು.

೧೮ ಫೆಬ್ರವರಿ, ಬುಧವಾರ

ಕರೆಂಟಿಲ್ಲ. ಗಿರಾಕಿಯಿಲ್ಲ. ಬರೆಯಲು ಏನೂ ಇಲ್ಲ.

೨೨ ಫೆಬ್ರವರಿ, ಭಾನುವಾರ

ಇವತ್ತು ಮನಸ್ಸು ಸರಿಯಿಲ್ಲ.

ಎಂದಿನಂತೆ ಪಕ್ಕದಲ್ಲಿ ಕೂತಿದ್ದೆ. ಸವಿತಾ ನನ್ನ ಕಡೆ ಕೈ ತೋರಿಸಿ, ಕೊರಳಿಗೆ ತಾಳಿ ಕಟ್ಟಿದಂತೆ ಮಾಡಿ, ಅಂಗೈ ಬಿಚ್ಚಿದಳು. "ನಿನ್ನ ಗಂಡ ಎಲ್ಲಿ ಅಂತ ಕೇಳಾಕತ್ತಾಳ" ಎಂದಳು ಮುದುಕವ್ವ. ನಾನು ಉತ್ತರ ಹುಡುಕುವಷ್ಟರಲ್ಲಿ ಆ ತಾಯಿಯೇ ಕೈಯಲ್ಲಿ ಏನೋ ಎತ್ತಿ ಬಿಸಾಡಿದಂತೆ ಮಾಡಿ ತೋರಿಸಿಬಿಟ್ಟಳು. ಬಿಟ್ಟು ಹೋಗ್ಯಾನ ಎಂದು. ವಸಂತಮ್ಮ ಹೇಳಿರಬೇಕು, ಇನ್ಯಾರು? ಆ ಹುಡುಗಿಯ ಮುಖದಲ್ಲಿ ಅಯ್ಯೋ ಪಾಪ ಎಂಬುದು ಬಂತು. ನನಗೆ ಮೈ ಉರಿಯಿತು. ಅಷ್ಟು ಸುಲಭವೇ, ಒಂದು ಕೈಬೀಸಿನಲ್ಲಿ ಮುಗಿಯುವಷ್ಟು?

ಎದ್ದು ನನ್ನ ಮೇಜಿಗೆ ಬಂದು ಕೂತೆ. ಅಂಗಡಿ ತುಂಬ ಜನರಿದ್ದರು, ಕೆಲಸವೂ ಇತ್ತು. ಆ ಕಡೆ ತಿರುಗಿ ನೋಡಲಿಲ್ಲ.

ಸ್ವಲ್ಪ ಹೊತ್ತಿಗೆ ಮುದುಕವ್ವ "ಯವ್ವಾ!" ಎಂದು ಕೂಗಿದಳು. ಹೋಗಿ ನೋಡಿದರೆ ವಿಡಿಯೋ ಇಲ್ಲ, ಬರೀ ನೀಲಿ ಪರದೆ. ಮತ್ತೆ ತೆರೆಯಲು ಹೋದರೆ ಆ ಮುದಿ ಮೆಷಿನ್ ತಿಣುಕಿತು, ತಿಣುಕಿತು. ತೆರೆದಾಗ ಆ ಕಡೆ ಸವಿತಾ ಇರಲಿಲ್ಲ.

ಮುದುಕವ್ವ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಸವಿತಾ ಇವತ್ತು ಹೇಳಿದ್ದಳಂತೆ, ಅದೇ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಒಬ್ಬ ಹುಡುಗ ಇದ್ದಾನೆ, ಹುಬ್ಬಿನ ಮೇಲೆ ಗಾಯದ ಗುರುತಿದೆ, ತಮಿಳರವನು, ಅವನಿಗೂ ಕಿವಿ ಕೇಳುವುದಿಲ್ಲ, ಇಬ್ಬರೂ ಮದುವೆಯಾಗುತ್ತೇವೆ ಎಂದು. ಈ ತಾಯಿ ಹಣೆಗೆ ಕೈಯಿಟ್ಟುಕೊಂಡಳಂತೆ. ಅದೇ ಹೊತ್ತಿಗೆ ಚಿತ್ರ ಹೋಯಿತು.

"ಸಿಟ್ಟಾಗಿ ಎದ್ದು ಹೋದ್ಲು ತಂಗಿ" ಎಂದಳು.

"ನೆಟ್ ಹೋಗಿರ್ಬೇಕು ಬಿಡ್ರಿ. ಮುಂದಿನ ವಾರ ಬರ್ತಾಳ" ಎಂದೆ.

೧ ಮಾರ್ಚ್, ಭಾನುವಾರ

ಸವಿತಾ ಬರಲಿಲ್ಲ.

೮ ಮಾರ್ಚ್, ಭಾನುವಾರ

ಇವತ್ತೂ ಇಲ್ಲ. ಮುದುಕವ್ವ ನಾಲ್ಕನೇ ನಂಬರಿನ ಮುಂದೆ ಮಧ್ಯಾಹ್ನದವರೆಗೆ ಕೂತಿದ್ದಳು. ಇಬ್ಬರು ಗಿರಾಕಿಗಳು ಬಂದು ಜಾಗ ಕೇಳಿದರು. "ಖಾಲಿ ಇಲ್ಲ" ಎಂದೆ.

ವಾರ್ಡನ್ನಿಗೆ ಫೋನ್ ಮಾಡಿದೆ. ತಮಿಳು ಬೆರೆತ ಹರಕು ಕನ್ನಡ. "ಅವಳು ಬರಲ್ಲ ಅಂತ ಸೊಲ್ರಾ. ಅಮ್ಮನೇ ಕಟ್ ಮಾಡ್ಬಿಟ್ರು, ಅವರಿಗೆ ನನ್ನ ಮುಖ ನೋಡೋಕೆ ಇಷ್ಟ ಇಲ್ಲ ಅಂತ ಅಳ್ತಾ ಇದಾಳೆ. ಅಮ್ಮನ್ನ ಕರೀದೇ ಮದುವೆ ಆಗ್ತಾಳಂತೆ" ಎಂದರು.

ಮುದುಕವ್ವ ಕೇಳಿ ಬೆಪ್ಪಾದಳು. "ನಾ ಎಲ್ಲಿ ಕಟ್ ಮಾಡೀನಿ? ನನಗ ಅದನ್ನ ಮುಟ್ಟಾಕ ಬರ್ತತೇನು?"

ತಾಯಿ ಕತ್ತರಿಸಿಲ್ಲ, ಮಗಳೂ ಕತ್ತರಿಸಿಲ್ಲ. ಹಾಗಾದರೆ ಯಾರು?

೧೧ ಮಾರ್ಚ್, ಬುಧವಾರ

ಮಧ್ಯಾಹ್ನ ಯಾರೂ ಇರಲಿಲ್ಲ. ನಾಲ್ಕನೇ ನಂಬರಿನಲ್ಲಿ ಕೂತು ಹಳೆಯ ಫೋಟೋಗಳನ್ನು ತೆರೆದೆ. ಯಾಕೆ ತೆರೆದೆನೋ. ಅಂಗಡಿ ಶುರುಮಾಡಿದ ದಿನದ ಫೋಟೋ, ಈರಣ್ಣ ರಿಬ್ಬನ್ ಹಿಡಿದುಕೊಂಡು ಹಲ್ಲು ಬಿಡುತ್ತಿದ್ದಾನೆ. ಅವನನ್ನೇ ನೋಡುತ್ತಾ ಕೂತೆ. ಬೈಯಬೇಕೆಂದು ತೆರೆದದ್ದು, ಬೈಗುಳ ಬರಲಿಲ್ಲ. ಒಬ್ಬಳೇ ಇರುವುದು ಸಾಕಾಗಿದೆ ಎಂದು ಅವನ ಮುಖಕ್ಕೆ ಹೇಳಬೇಕೆನ್ನಿಸಿತು.

ಫೋಟೋ ತಟ್ಟನೆ ಮಾಯವಾಯಿತು.

ನಾನು ಎದ್ದು ಹೋಗಿರಲಿಲ್ಲ. ಅಲ್ಲೇ ಕೂತಿದ್ದೆ. ಕಣ್ಣು ಬಿಟ್ಟುಕೊಂಡು ನೋಡುತ್ತಲೇ ಇದ್ದೆ. ಮೇಸ್ತ್ರಿಗೆ ಅದೇನು ಗೊತ್ತು? ಮನುಷ್ಯರು ಎದುರಿಗಿದ್ದಾರೋ ಇಲ್ಲವೋ ಅದಕ್ಕೆ ಕಾಣುವುದಿಲ್ಲ. ಮೌಸ್ ಅಲ್ಲಾಡಬೇಕು, ಕೀಲಿ ಒತ್ತಬೇಕು, ಇಲ್ಲದಿದ್ದರೆ ಹೋದರು ಎಂದು ತಿಳಿಯುತ್ತದೆ. ಮೊದಲೆರಡು ಭಾನುವಾರ ಪಕ್ಕದಲ್ಲಿ ಕೂತು ಮೌಸ್ ಆಡಿಸುತ್ತಿದ್ದವಳು ನಾನು. ಮೂರನೇ ಭಾನುವಾರ ಸಿಟ್ಟು ಮಾಡಿಕೊಂಡು ಎದ್ದು ಬಂದವಳೂ ನಾನು.

ಹತ್ತು ನಿಮಿಷ ಇಟ್ಟಿದ್ದು ನಾನೇ. "ಮುಚ್ಚಲೇ" ಎಂದು ಕೇಳುವುದನ್ನು ತೆಗೆದದ್ದೂ ನಾನೇ.

೧೩ ಮಾರ್ಚ್, ಶುಕ್ರವಾರ

ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮೇಸ್ತ್ರಿ ತಾನೇ ಕಿಟಕಿ ಮುಚ್ಚುವುದನ್ನು ನಿಲ್ಲಿಸಿದ್ದೇನೆ. ಮೆಷಿನುಗಳು ಮೊದಲಿನ ಹಾಗೆ ಹ್ಯಾಂಗ್ ಆಗುತ್ತಿವೆ. ಆಗಲಿ.

೧೫ ಮಾರ್ಚ್, ಭಾನುವಾರ

ಹೇಳಿದೆ.

ಸಾಫ್ಟ್‌ವೇರ್ ಎಂದರೆ ಏನೆಂದು ಹೇಳಲಿ? "ಒಂದು ಮೇಸ್ತ್ರಿ ಇಟ್ಟಿದ್ದೆ. ಕೈ ಆಡಸದ ಸುಮ್ನ ಕೂತೋರನ್ನ ಅದು ಹೊರಗ ಹಾಕ್ತತಿ. ಅವತ್ತ ನಿಮ್ಮ ಮಗಳ ಮುಖ ಮುಚ್ಚಿದ್ದು ಅದು. ಅದನ್ನ ಇಟ್ಟಾಕಿ ನಾನು" ಎಂದೆ.

ಮುದುಕವ್ವ ನನ್ನನ್ನೇ ನೋಡಿದಳು.

"ಕೈ ಆಡಸದ ಕೂತೋರನ್ನ? ನಾವು ಕೈ ಆಡಸೋದು ಬಿಟ್ಟು ಬ್ಯಾರೆ ಏನ್ ಮಾಡಿದ್ವಿ ಯವ್ವಾ?"

ಅವಳು ಚಪ್ಪಲಿ ಮೆಟ್ಟಿಕೊಂಡು ಹೋದಳು. ರೊಟ್ಟಿಯ ಗಂಟನ್ನೂ ತೆಗೆದುಕೊಂಡು ಹೋದಳು.

೧೬ ಮಾರ್ಚ್, ಸೋಮವಾರ

ಅನ್ನಕ್ಕಿಟ್ಟು ಮರೆತೆ. ತಳ ಹಿಡಿಯಿತು.

೧೮ ಮಾರ್ಚ್, ಬುಧವಾರ

ತಡೆಯಲಾಗಲಿಲ್ಲ. ಅಂಗಡಿಯ ಬಾಗಿಲೆಳೆದು ಅವಳ ಮನೆ ಹುಡುಕಿಕೊಂಡು ಹೋದೆ. ಕೆರೆಯ ಹಿಂದಿನ ಶೀಟಿನ ಮನೆಗಳ ಸಾಲಿನಲ್ಲಿ ಕೊನೆಯದು. ರೊಟ್ಟಿ ಬಡಿಯುತ್ತಿದ್ದಳು. "ಕುಂದ್ರು" ಎನ್ನಲಿಲ್ಲ. ನಾನೇ ಕೂತೆ. ಹಿಟ್ಟು ನಾದಿ ಉಂಡೆ ಮಾಡಿಕೊಡತೊಡಗಿದೆ. ನನ್ನ ಉಂಡೆಗಳು ಒಡೆಯುತ್ತಿದ್ದವು. ಅವಳು ಒಂದನ್ನು ಎತ್ತಿಕೊಂಡು ಮತ್ತೆ ನಾದಿ, "ರೋಣದಾಗ ಹಿಟ್ಟು ನಾದೂದು ಕಲಿಸಂಗಿಲ್ಲೇನು?" ಎಂದಳು. ಅಲ್ಲಿಗೆ ಮಾತು ಶುರುವಾಯಿತು.

"ಚಿಗವ್ವಾ, ತಪ್ಪಾತು. ತಿರುಪ್ಪೂರಿಗೆ ನಾನ ಹೋಗಿ ಹೇಳಿ ಬರ್ತೀನಿ" ಎಂದೆ. ಅವಳನ್ನು ಚಿಕ್ಕಮ್ಮನೆಂದು ಕರೆದದ್ದು ಅದೇ ಮೊದಲು.

ತಿರುವಿಹಾಕಿದ ರೊಟ್ಟಿಯನ್ನು ಒದ್ದೆ ಬಟ್ಟೆಯಿಂದ ಅವಳು ಒತ್ತಿದಳು. ಆಮೇಲೆ ಹೇಳಿದಳು.

"ನಿಂದು ಅಷ್ಟ ಅಲ್ಲ ತಪ್ಪು. ಅವತ್ತ ನಾನು ಬ್ಯಾಡ ಅನ್ನಾಕ ಕೈ ಎತ್ತಿದ್ದೆ. ಕೈ ಎತ್ತೂದಕ್ಕೂ ಅದು ಮುಚ್ಚೂದಕ್ಕೂ ಸರಿ ಆತು. ಅಕಿ ಅದನ್ನ ನೋಡೇ ಇಲ್ಲ."

"ತಮಿಳರಂವ ಅಂತನಾ?"

"ತಮಿಳಾದ್ರೇನು, ಕನ್ನಡ ಆದ್ರೇನು. ಅಂವ ಏನ್ ಮಾತಾಡಾಂವ ಅಲ್ಲಲ್ಲ." ಒಂದು ಸಲ ನಕ್ಕಳು. ಮತ್ತೆ ಮುಖ ಇಳಿಯಿತು. "ಇಬ್ಬರಿಗೂ ಕೇಳಂಗಿಲ್ಲ ತಂಗಿ. ನಾಳೆ ಕೂಸು ಅತ್ರ ಯಾರು ಕೇಳ್ತಾರ? ಇಕಿ ಹುಟ್ಟಿದಾಗ ಇಕಿ ಅಳೂದು ನಾನು ಕೇಳಿ ಎತ್ಕೊಂಡೀನಿ. ನಾನು ಕೂಗಿದ್ದು ಇಕಿ ಒಂದಿನಾನೂ ಕೇಳಲಿಲ್ಲ."

ಅವಳು ಅತ್ತಳು, ಕೈಯಲ್ಲಿ ಹಿಟ್ಟಿದ್ದುದರಿಂದ ಕಣ್ಣೊರೆಸಿಕೊಳ್ಳಲಾಗದೆ. ನನ್ನ ಸೆರಗಿನಿಂದ ಒರೆಸಿದೆ. ನನ್ನ ಕೈಯಲ್ಲೂ ಹಿಟ್ಟಿತ್ತು.

"ಈಗ ಏನ್ ಅಂತೀರಿ ಚಿಗವ್ವಾ? ಬ್ಯಾಡ ಅಂತೀರೇನು?"

"ಮೊದಲ ಅಕಿ ಮುಖ ತೋರಸು. ಏನ್ ಅಂತೀನಿ ಅನ್ನೂದು ನನಗೂ ಗೊತ್ತಿಲ್ಲ" ಎಂದಳು.

೨೦ ಮಾರ್ಚ್, ಶುಕ್ರವಾರ

ಮೇಲ್ ಬರೆದು ಪ್ರಯೋಜನವಿಲ್ಲ. ಸವಿತಾಗೆ ಕನ್ನಡ ಅಕ್ಷರ ಗುರುತಿಸಲು ಬರುವುದೇ ಕಷ್ಟ, ತಾಯಿಗೆ ಅದೂ ಇಲ್ಲ. ಕೈಮಾತನ್ನೇ ಕ್ಯಾಮೆರಾದಲ್ಲಿ ಹಿಡಿದು ಕಳಿಸಬೇಕು ಎಂದುಕೊಂಡೆವು.

ನಾಲ್ಕನೇ ನಂಬರ್ ಒಂದು ನಿಮಿಷ ಹಿಡಿಯಿತು, ಕುಸಿಯಿತು. ಮತ್ತೆ ಮಾಡಿದರೆ ಮತ್ತೆ ಕುಸಿಯಿತು. ವೈರಸ್ ಕಾಯುವ ಪ್ರೋಗ್ರಾಂ ನಿಲ್ಲಿಸಿದೆ, ಗಿರಾಕಿಗಳ ಸಮಯ ಅಳೆಯುವುದನ್ನು ನಿಲ್ಲಿಸಿದೆ, ಪ್ರಿಂಟರಿನದ್ದನ್ನೂ ಮುಗಿಸಿದೆ. ಆದರೂ ಮೆಮೊರಿ ಸಾಲದು. ಕೊನೆಗೆ ಶಿವಶಂಕರನನ್ನು ಕರೆಸಿ, ಒಂದು ಮತ್ತು ಎರಡನೇ ನಂಬರಿನ ಮೆಮೊರಿ ಪಟ್ಟಿಗಳನ್ನು ಕಿತ್ತು ನಾಲ್ಕಕ್ಕೆ ಹಾಕು ಎಂದೆ.

"ಅಕ್ಕಾ, ತಲೆ ನೆಟ್ಟಗೈತಾ? ಎರಡು ಮೆಷಿನ್ ಸತ್ತೋಗ್ತವೆ. ಮೇನ್ ರೋಡಲ್ಲಿ ಹೊಸ ಸೆಂಟರ್ ಬೇರೆ ಬಂದೈತೆ."

"ಹಾಕೋ" ಎಂದೆ.

"ಮೊದಲ ನೀ ಹೇಳು" ಎಂದಳು ಮುದುಕವ್ವ. ಕ್ಯಾಮೆರಾದ ಮುಂದೆ ಕೂತೆ. ಮೆಷಿನ್ ತೋರಿಸಿದೆ. ಎರಡೂ ಅಂಗೈ ಬಾಗಿಲಿನಂತೆ ಮುಚ್ಚಿದೆ. ತಾಯಿಯ ಕಡೆ ಬೆರಳು ಮಾಡಿ ಅಲ್ಲ ಎಂದು ತಲೆಯಾಡಿಸಿದೆ. ಆಮೇಲೆ ಕನ್ನಡಕ ಮೇಲಕ್ಕೆ ತಳ್ಳಿ, ಎದೆ ಮುಟ್ಟಿಕೊಂಡೆ. ನಾನು. ಬಾಯಲ್ಲಿ ಹೇಳುವಾಗ ಮಾತಿನ ಹಿಂದೆ ಅಡಗಿಕೊಳ್ಳಬಹುದು, ಕೈಯಲ್ಲಿ ಹೇಳುವಾಗ ಆಗುವುದಿಲ್ಲ. ಮುದುಕವ್ವ ಒಂದೇ ಮಾತು ಹೇಳಿದಳು: ಬಾ, ಮುಖ ತೋರಿಸು.

ಕಳಿಸಲು ಇಡೀ ಮಧ್ಯಾಹ್ನ ಹಿಡಿಯಿತು. ವಾರ್ಡನ್ನಿಗೆ ಫೋನ್ ಮಾಡಿ "ಸವಿತಾ ಮೇಲ್ ಪಾರುಂಗೋ, ಅಮ್ಮಾ ವಿಡಿಯೋ" ಎಂದೆ. ಮೇಲ್ ನೋಡಿ ಎನ್ನಲು ನನಗೆ ಬರುವ ತಮಿಳು ಅಷ್ಟೇ, ಅವರಿಗೆ ಎಷ್ಟು ತಿಳಿಯಿತೋ.

೨೨ ಮಾರ್ಚ್, ಭಾನುವಾರ

ಬರಲಿಲ್ಲ. ಸಂಜೆಯವರೆಗೆ ಕಾದೆವು. ಮುದುಕವ್ವ ನನ್ನ ಮನೆಯಲ್ಲೇ ಉಂಡು ಹೋದಳು.

೨೭ ಮಾರ್ಚ್, ಶುಕ್ರವಾರ, ಯುಗಾದಿ

ವಸಂತಮ್ಮ ಬೇವು ಬೆಲ್ಲ ತಂದುಕೊಟ್ಟರು. ಒಳಗೆ ಮುದುಕವ್ವ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಳು. "ಏನಮ್ಮಣ್ಣಿ, ಮನೇಲಿ ಅಬ್ಬದ ವಾಸ್ನೆ ಬತ್ತಾ ಐತೆ. ಯಾರ್ ಬಂದವ್ರೆ?" ಎಂದು ಕತ್ತು ಚಾಚಿದರು. "ನಮ್ಮ ಚಿಗವ್ವ" ಎಂದು ಒಳಗೆ ಕರೆದೆ. ಮೂವರೂ ಕೂತು ತಿಂದೆವು. ವಸಂತಮ್ಮನಿಗೆ ಮೊಣಕಾಲು ನೋವಂತೆ, ಒಬ್ಬರೇ ಮೆಟ್ಟಿಲು ಹತ್ತಲು ಕಷ್ಟವಂತೆ. ಇಷ್ಟು ದಿನ ನನ್ನನ್ನು ಕೇಳುವುದಕ್ಕೇ ಹತ್ತಿ ಬರುತ್ತಿದ್ದರೆಂದು ತಿಳಿದಿರಲಿಲ್ಲ.

ಸಂಜೆ ವಾರ್ಡನ್ ಫೋನ್ ಮಾಡಿದರು. ಸವಿತಾ ನೋಡಿದಳಂತೆ. ನಾಲ್ಕು ಸಲ ಹಾಕಿಸಿ ನೋಡಿದಳಂತೆ. ಏನೂ ಹೇಳಲಿಲ್ಲವಂತೆ.

೨೯ ಮಾರ್ಚ್, ಭಾನುವಾರ

ಬಂದಳು.

ಹುಬ್ಬಿನ ಗಾಯದ ಹುಡುಗನೂ ಜೊತೆಗಿದ್ದ. ಎಣ್ಣೆ ಹಾಕಿ ತಲೆ ಬಾಚಿಕೊಂಡು, ಹೆಣ್ಣು ನೋಡಲು ಬಂದವನ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಸವಿತಾ ಮೊದಲು ತಾಯಿಯ ಕಡೆ ನೋಡಲೇ ಇಲ್ಲ. ನನ್ನನ್ನು ನೋಡಿ, ಕನ್ನಡಕದ ಬೆರಳು ಮಾಡಿ, ಎರಡೂ ಅಂಗೈ ಮುಚ್ಚಿ ತೋರಿಸಿದಳು. ನೀನೇ ಮುಚ್ಚಿದ್ದು ನಿಜವೇ, ಅವ್ವನನ್ನು ಉಳಿಸಲು ಹೇಳುತ್ತಿದ್ದೀಯಾ?

ನನಗೆ ಎರಡೂ ಗೊತ್ತಿತ್ತು. ಮುಚ್ಚಿದ್ದು ನಾನು. ಬೇಡ ಎನ್ನಲು ಕೈ ಎತ್ತಿದ್ದು ಮುದುಕವ್ವ. ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಎದೆ ಮುಟ್ಟಿಕೊಂಡೆ.

ಆಗ ತಾಯಿಯ ಕಡೆ ತಿರುಗಿದಳು. ಮುದುಕವ್ವನ ಕೈ ಮಡಿಲಲ್ಲೇ ಇತ್ತು. ಎಷ್ಟೋ ಹೊತ್ತು ಆ ಕಡೆಯೂ ಕೈ ಏಳಲಿಲ್ಲ, ಈ ಕಡೆಯೂ ಏಳಲಿಲ್ಲ. ನಾನು ಮೌಸಿಗೆ ಕೈ ಹಾಕಲಿಲ್ಲ. ಕಿಟಕಿ ಹಾಗೇ ತೆರೆದುಕೊಂಡಿತ್ತು.

ಕೊನೆಗೆ ಮುದುಕವ್ವ ಕೇಳಿದಳು. ತೋಳಲ್ಲಿ ಕೂಸು ತೂಗಿದಳು, ಕಣ್ಣಿನಿಂದ ನೀರು ಇಳಿಸಿದಳು, ಕಿವಿ ಮುಟ್ಟಿ ಕೈ ಬಿಚ್ಚಿದಳು. ಯಾರು ಕೇಳುತ್ತಾರೆ?

ಸವಿತಾ ಹುಡುಗನಿಗೆ ಹೇಳಿದಳು. ಅವನು ಗಾಬರಿಯಾಗಲಿಲ್ಲ. ಜೇಬಿನಿಂದ ಒಂದು ದಾರದ ತುಂಡು ತೆಗೆದ, ಕಾರ್ಖಾನೆಯದ್ದಿರಬೇಕು. ಒಂದು ತುದಿ ತನ್ನ ಮಣಿಕಟ್ಟಿಗೆ ಸುತ್ತಿಕೊಂಡು, ಇನ್ನೊಂದು ತುದಿಯನ್ನು ಇಲ್ಲದ ತೊಟ್ಟಿಲಿಗೆ ಕಟ್ಟಿದಂತೆ ಮಾಡಿ ಎಳೆದ. ಕೈ ಜಗ್ಗಿತು. ಬೆಚ್ಚಿ ಎದ್ದವನಂತೆ ಕಣ್ಣು ಬಿಟ್ಟ. ಇದನ್ನೆಲ್ಲ ಅವರು ಆಗಲೇ ಯೋಚಿಸಿದ್ದರು.

ಮುದುಕವ್ವ ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ. ದಾರ ಬಿಚ್ಚು ಎಂದು ಅವನಿಗೆ ಕೈ ಮಾಡಿದಳು. ತನ್ನ ಎರಡೂ ಕಿವಿ ಹಿಡಿದು ಎಳೆದು, ಅವರ ಕಡೆ ಕೊಟ್ಟಂತೆ ಮಾಡಿದಳು. ಕಿವಿ ನನ್ನದು, ನಾ ಬರ್ತೀನಿ. ಸವಿತಾ ಪರದೆಗೆ ಮುಖ ಒತ್ತಿದಳು, ಬರೀ ಹಣೆ ಕಂಡಿತು.

ಮದುವೆ ಬರುವ ಭಾನುವಾರ, ಹಾಸ್ಟೆಲಿನ ಪಕ್ಕದ ಮುರುಗನ ಗುಡಿಯಲ್ಲಿ. ಅಲ್ಲಿಂದ ಎಷ್ಟು ಜನ ಎಂದು ಸವಿತಾ ಕೇಳಿದಳು. ಮುದುಕವ್ವ ನನ್ನನ್ನು ಕೇಳದೆಯೇ ಎರಡು ಬೆರಳು ಎತ್ತಿದಳು.

೩೧ ಮಾರ್ಚ್, ಮಂಗಳವಾರ

ಮುದುಕವ್ವ ಮನೆ ಖಾಲಿ ಮಾಡಿದಳು. ರೊಟ್ಟಿಯ ಹಂಚು, ಹಿಟ್ಟು ನಾದುವ ಕೊಣಮಿಗೆ, ಎರಡು ಸೀರೆ, ಹೊದೆಯಲು ಒಂದು ಕೌದಿ. ಇಲ್ಲಿನ ಹಾಸ್ಟೆಲಿನವರಿಗೆ ರೊಟ್ಟಿ ಯಾರು ಕೊಡುತ್ತಾರೆ ಎಂದು ಕೇಳಿದೆ. "ನೀ ಕೊಡು, ಈಗ ಉಂಡಿ ಒಡಿಯೂದಿಲ್ಲಲ್ಲ" ಎಂದಳು. ತಮಾಷೆಗೆ ಹೇಳಿದಳೋ ನಿಜಕ್ಕೋ.

ತಾಯಿ ಮಗಳ ಕಡಿದ ಮಾತನ್ನು ಜೋಡಿಸಿದ್ದು ನಾನೇ. ಜೋಡಿಸುವಾಗ ಅವಳು ಹೋಗಿಬಿಡುತ್ತಾಳೆ ಎಂದು ಹೊಳೆಯಲಿಲ್ಲ. ಹೊಳೆದಿದ್ದರೂ ಕಳಿಸುತ್ತಿದ್ದೆ ಎಂದುಕೊಳ್ಳುತ್ತೇನೆ. ತುಂಬ ಸಂತೋಷವಾಗಿದೆ. ತುಂಬ ಸಂಕಟವೂ ಆಗುತ್ತಿದೆ.

ಸಂಜೆ ಹೊಸೂರು ರಸ್ತೆಯ ಟ್ರಾವೆಲ್ಸ್ ಅಂಗಡಿಗೆ ಹೋದೆ. ತಿರುಪ್ಪೂರಿಗೆ ಹೋಗಲು ಎರಡು, ಬರಲು ಒಂದು ಎಂದೆ. ಟಿಕೆಟ್ ಬರೆಯುತ್ತಿದ್ದವನು ತಲೆಯೆತ್ತಿ ನೋಡಿದ.

"ಇನ್ನೊಬ್ರು ಬರಲ್ವಾ ಮೇಡಂ?"

"ಇಲ್ಲ. ಅವರು ಮಗಳ ಮನೇಲೇ ಇರ್ತಾರೆ" ಎಂದೆ.

ವಾಪಸ್ ಬರುವ ಟಿಕೆಟ್ಟಿಗೆ ಹೆಸರು ಕೇಳಿದ. ಸುಮಂಗಲಾ ಎಂದು ಹೇಳಿ, ಬರೆಯುವವರೆಗೆ ನಿಂತಿದ್ದೆ.